ಮೂರನೆಯ ಜಾಕೆಟ್

2025ರ ಫೆಬ್ರವರಿ 12, ಬುಧವಾರ. ಬೆಳಿಗ್ಗೆ 7 ಗಂಟೆ 35 ನಿಮಿಷ.

ಹೆಡ್ ಕಾನ್‌ಸ್ಟೆಬಲ್ ಕೃಷ್ಣಪ್ಪ ಟೀ ಲೋಟವನ್ನು ಬಾಯಿಗೆ ತರುವ ಹೊತ್ತಿಗೆ ಸರಿಯಾಗಿ ಠಾಣೆಯ ಮುಂದೆ ಬೈಕೊಂದು ನಿಂತಿತು. ಕುಶಾಲನಗರದಿಂದ ಸೋಮವಾರಪೇಟೆಗೆ ಹೋಗುವ ರಸ್ತೆಯ ಆ ಚಿಕ್ಕ ಠಾಣೆಯಲ್ಲಿ ಅವರು ಒಂಬತ್ತು ವರ್ಷದಿಂದ ಇದ್ದಾರೆ. ಅಷ್ಟೂ ವರ್ಷಗಳಲ್ಲಿ ಬಿಸಿ ಟೀ ಕುಡಿದದ್ದಕ್ಕಿಂತ ತಣ್ಣಗಾದ ಟೀ ಚೆಲ್ಲಿದ್ದೇ ಹೆಚ್ಚು. ಬಂದವನು ಗೌರಿಬೆಟ್ಟ ಎಸ್ಟೇಟಿನ ರೈಟರ್ ಧರ್ಮೇಶ್. ಆಳುಗಳ ಹಾಜರಿ, ಕಾಫಿ ಹಣ್ಣಿನ ತೂಕ, ಕಾಗದಪತ್ರ ಎಲ್ಲವೂ ಅವನದೇ. ನಲವತ್ತೊಂದು ವಯಸ್ಸು, ಮದುವೆಯಾಗಿಲ್ಲ, ಹಿಂದೆಮುಂದೆ ಯಾರೂ ಇಲ್ಲ. ಹೆಲ್ಮೆಟ್ ತೆಗೆದು, ಕಾಲೊರಸಿಗೆ ಚಪ್ಪಲಿ ಉಜ್ಜಿ ಒಳಗೆ ಬಂದು, ಮಡಿಸಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟ.

"ನಮ್ಮ ಮಂಜೇಶಣ್ಣ ಹೋಗ್ಬಿಟ್ರು ಸಾರ್," ಎಂದ.

ದೂರು ಬರೆದೇ ತಂದಿದ್ದ. ಎಡಗಡೆ ಅಂಚು ಬಿಟ್ಟು, ವಿಷಯ ಬರೆದು ಅಡಿಗೆರೆ ಎಳೆದು, ಕೊನೆಯಲ್ಲಿ ಸ್ಥಳ, ದಿನಾಂಕ, ಸಹಿ. ಠಾಣೆಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲಿಗೆ ತಾರೀಕೇ ಇರುವುದಿಲ್ಲ. ಇದರಲ್ಲಿ ಇಲ್ಲದ್ದು ಏನೂ ಇರಲಿಲ್ಲ. ಹಿಂದಿನ ಸಂಜೆ ಮಾಲೀಕರಾದ ಮಂಜೇಶ್ ಕೋವಿ ಹಿಡಿದುಕೊಂಡು ಒಬ್ಬರೇ ಕೆರೆ ಕಡೆ ಹೋದರೆಂದೂ, ತಾನು ಕಣದಲ್ಲಿ ತೂಕ ಮುಗಿಸಿ ಕ್ವಾರ್ಟರ್ಸಿಗೆ ಹೋದೆನೆಂದೂ, ಬೆಳಿಗ್ಗೆ 6-40ಕ್ಕೆ ಹಾಜರಿಗೆ ಹೋಗುವಾಗ ಕೆರೆ ಏರಿಯ ತಂತಿಬೇಲಿಯ ಪಕ್ಕ ಅವರ ಶವ ಕಂಡಿತೆಂದೂ ಬರೆದಿದ್ದ. ಬೇಲಿ ದಾಟುವಾಗ ಕೋವಿ ತಾನಾಗಿಯೇ ಹಾರಿರಬಹುದು, ಯಾರ ಮೇಲೂ ಅನುಮಾನವಿಲ್ಲ.

"ರಾತ್ರಿಯೆಲ್ಲ ಮನೆಯವರು ಹುಡುಕಲಿಲ್ವೇನೋ?" ಎಂದು ಕೃಷ್ಣಪ್ಪ ಕೇಳಿದರು.

"ನಿನ್ನೆ ಬೆಳಿಗ್ಗೆ ಅವರಿಗೂ ಹೆಂಡತಿಗೂ ಮಾತಿಗೆ ಮಾತಾಗಿತ್ತು. ಕೋಪ ಮಾಡ್ಕೊಂಡು ಕುಶಾಲನಗರದಲ್ಲಿ ಉಳಿದಿರಬಹುದು ಅಂದ್ಕೊಂಡ್ರಂತೆ."

ಇನ್‌ಸ್ಪೆಕ್ಟರ್ ತೇಜಸ್ವಿನಿ ದೂರನ್ನು ಎರಡು ಸಲ ಓದಿದರು. ಮೈಸೂರಿನ ಕಡೆಯವರು, ಇಲ್ಲಿಗೆ ಬಂದು ಎಂಟು ತಿಂಗಳು. ಅವರು ಮಾತು ಕಡಿಮೆ ಆಡುತ್ತಾರೆಂದು ಠಾಣೆಯವರಿಗೆಲ್ಲ ಸ್ವಲ್ಪ ಭಯ. ಅಸಹಜ ಸಾವು ಎಂದು ಯುಡಿಆರ್ 2/2025 ದಾಖಲಿಸಿ, ಜೀಪಿಗೆ ಹೇಳಿ ಎಂದಷ್ಟೇ ಅಂದರು.

ಗೌರಿಬೆಟ್ಟ ಅರವತ್ತು ಎಕರೆಯ ರೊಬಸ್ಟಾ ಎಸ್ಟೇಟು. ಪಿಕಿಂಗ್ ಕಾಲವಾದ್ದರಿಂದ ಕಣದ ತುಂಬ ಹಣ್ಣು ಒಣಗುತ್ತಿತ್ತು, ಅದರ ಹುಳಿವಾಸನೆ ಗೇಟಿನವರೆಗೂ ಬರುತ್ತಿತ್ತು. ಕೆರೆ ಏರಿಯ ಮೇಲೆ ಮಂಜೇಶ್ ಅಂಗಾತ ಬಿದ್ದಿದ್ದ. ನಲವತ್ತಮೂರು ವಯಸ್ಸು. ಬಲ ಎದೆಯಲ್ಲಿ ಗಾಯ, ಇಬ್ಬನಿಗೆ ಬಟ್ಟೆಯೆಲ್ಲ ಒದ್ದೆ. ಪಕ್ಕದಲ್ಲಿ ಜೋಡಿ ನಳಿಗೆಯ ಕೋವಿ. ಬೆಳೆ ರಕ್ಷಣೆಗೆಂದು ತಂದೆ ಕರಿಬಸಪ್ಪನವರ ಹೆಸರಲ್ಲಿ ಲೈಸೆನ್ಸ್ ಇದ್ದದ್ದು. ಬೆಳಿಗ್ಗೆ 9-10ಕ್ಕೆ ಪಂಚನಾಮೆ ಶುರುವಾಯಿತು. ಕಾನ್‌ಸ್ಟೆಬಲ್ ಕುಸುಮಾ ಬರೆದುಕೊಳ್ಳುತ್ತಿದ್ದಳು. ಕೃಷ್ಣಪ್ಪ ಕೈಗವಸು ಹಾಕಿ, ಕೋವಿಯ ನಳಿಗೆ ಬಗ್ಗಿಸಿ ತೆರೆದು ನೋಡಿದರು. ಬಲ ನಳಿಗೆಯಲ್ಲಿ ಹಾರಿದ ಹಳದಿ ತೋಟೆಯ ಖಾಲಿ ಕೊಳವೆ. ಎಡ ನಳಿಗೆಯಲ್ಲಿ ಹಾರದ ಕೆಂಪು ತೋಟೆ. ಅವರು ಎರಡೂ ನಳಿಗೆಗೆ ಮೂಗು ತಂದರು. ಎರಡರಲ್ಲೂ ಸುಟ್ಟ ಮದ್ದಿನ ವಾಸನೆ ಹಸಿಯಾಗಿಯೇ ಇತ್ತು.

ಹಾರದ ತೋಟೆ ಕೂತಿರುವ ನಳಿಗೆ ಯಾಕೆ ಸುಟ್ಟ ವಾಸನೆ ಬರಬೇಕು ಎಂದು ಅವರ ತಲೆಗೆ ಬಂತು. ಹಿಂದೆ ಯಾವಾಗಲೋ ಹಾರಿಸಿರಬಹುದು ಎಂದೂ ಬಂತು. ಬಾಯಿಬಿಟ್ಟು ಹೇಳದೆ, ಕುಸುಮಾಳಿಗೆ ಬರೆಸಿಬಿಟ್ಟರು.

ಬೇಲಿಯ ಕಂಬದ ಬುಡದಲ್ಲಿ ಅಡಿಕೆ ಹಾಳೆ ತಟ್ಟೆಗಳ ಕಟ್ಟೊಂದಿತ್ತು. ದಾರ ಬಿಚ್ಚಿರಲಿಲ್ಲ.

"ಇದೇನು?" ಎಂದು ತೇಜಸ್ವಿನಿ ಧರ್ಮೇಶನನ್ನು ಕೇಳಿದರು.

"ಗುರಿ ಅಭ್ಯಾಸಕ್ಕೆ ಮೇಡಂ. ಗಾಳಿಗೆ ಎಸೆದು ಹೊಡಿಯೋದು."

"ಯಾಕೆ ಅಭ್ಯಾಸ?"

ಧರ್ಮೇಶ್ ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ. ಮೇ ತಿಂಗಳಲ್ಲಿ ಅರ್ಜೆಂಟೀನಾಕ್ಕೆ ಹೋಗುವ ಏರ್ಪಾಡಾಗಿತ್ತು. ಅಲ್ಲಿ ಕಾಡುಪಾರಿವಾಳ ಹೊಡೆಯಲು ಸರ್ಕಾರದ್ದೇ ಅನುಮತಿಯಿದೆ, ಎಷ್ಟು ಹೊಡೆದರೂ ಕೇಳುವವರಿಲ್ಲ. ಇಲ್ಲಿ ಒಂದು ಕಾಡುಕೋಳಿ ಹೊಡೆದರೆ ಜೈಲು. ಮನೆಯಲ್ಲಿ ಮಾತ್ರ ಕಾಫಿ ಅಧ್ಯಯನ ಪ್ರವಾಸ ಎಂದು ಹೇಳಿದ್ದರು. ಅದಕ್ಕೆ ಕಾರಣವೂ ಇತ್ತು. ಕರಿಬಸಪ್ಪನವರದು ಲಿಂಗಪೂಜೆಯಾಗದೆ ನೀರು ಮುಟ್ಟದ ಮನೆ, ಮೊಟ್ಟೆಯೂ ಒಳಗೆ ಬರುವಂತಿಲ್ಲ. ಆ ಮನೆಯ ಒಬ್ಬನೇ ಮಗ ಹಕ್ಕಿ ಹೊಡೆಯಲು ವಿಮಾನ ಹತ್ತುತ್ತಾನೆಂದರೆ ಮುದುಕರು ಎದೆ ಒಡೆದುಕೊಳ್ಳುತ್ತಿದ್ದರು.

ಹೆಂಡತಿ ದಿವ್ಯಶ್ರೀಗೆ ಮಾತ್ರ ಗೊತ್ತಾಗಿತ್ತು. ಮಂಗಳವಾರ ಬೆಳಿಗ್ಗೆ ಜಗಳವಾದದ್ದೂ ಅದಕ್ಕೇ. ಅವಳು ಜಗಲಿಯ ಮೂಲೆಯಲ್ಲಿ, ಹೆಣದಿಂದ ದೂರ ಕೂತಿದ್ದಳು. ಅವಳೇ ಕೂತದ್ದಲ್ಲ, ಅತ್ತೆ ವಿಮಲಮ್ಮ ಹತ್ತಿರ ಬಿಟ್ಟಿರಲಿಲ್ಲ. ಜಗಳದ ಕೊನೆಯಲ್ಲಿ ಅವಳು ಆಡಿದ ಮಾತು ಮನೆಗೆಲ್ಲ ಕೇಳಿತ್ತು: ಆ ಕೋವಿ ನಿಮ್ಮನ್ನೇ ತಿನ್ನಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಈಗ ಊರಿನ ಬಾಯಿಗೆ ಬೇರೆ ಕೆಲಸವಿರಲಿಲ್ಲ. ಕೈತಪ್ಪಿ ಹಾರಿತು ಎಂದು ಎದುರಿಗೆ ಹೇಳುವವರೇ, ಹೆಂಡತಿ ಮಾತಿಗೆ ಮನನೊಂದು ತಾನೇ ಹೊಡೆದುಕೊಂಡ ಎಂದು ಬೇಲಿಯಾಚೆ ಹೇಳುತ್ತಿದ್ದರು.

ಕೃಷ್ಣಪ್ಪ ಹೇಳಿಕೆ ಪಡೆಯಲು ಹೋದಾಗ ಅವಳು ಕೇಳಿದ್ದು ಒಂದೇ.

"ಅವರೇ ಹೊಡ್ಕೊಂಡ್ರಾ ಸಾರ್?"

"ಗೊತ್ತಿಲ್ಲಮ್ಮ. ನೋಡ್ತಾ ಇದೀವಿ."

"ರಾತ್ರಿ ಒಂದ್ಸಲ ಫೋನ್ ಮಾಡಿದ್ರೆ ಆಗ್ತಿತ್ತು. ನಾನೂ ಹಟ ಮಾಡಿದೆ."

ಕೃಷ್ಣಪ್ಪನವರಿಗೂ ಇಬ್ಬರು ಹೆಣ್ಣುಮಕ್ಕಳು. ಆ ಮುಖ ನೋಡಿ ಅವರಿಗೆ ಸಂಕಟವಾಯಿತು. ಬೇಗ ಬರೆದು ಮುಗಿಸಿ ಎದ್ದರು. ಕರಿಬಸಪ್ಪ ಕೈಮುಗಿದು, ಕೊಯ್ಯುವುದೆಲ್ಲ ಬೇಡ, ಸಂಜೆಯೊಳಗೆ ನಮ್ಮ ಪದ್ಧತಿಯಂತೆ ಮಣ್ಣು ಮಾಡುತ್ತೇವೆ, ಕೊಟ್ಟುಬಿಡಿ ಎಂದು ಬೇಡಿಕೊಂಡರು. ಎಲ್ಲರೂ ಆಕಸ್ಮಿಕವೆಂದೇ ಮುಗಿಸಲು ಸಿದ್ಧರಿದ್ದರು. ಹಾಗೆ ಮುಗಿದರೆ ಆ ಹೆಂಗಸು ಬದುಕಿರುವಷ್ಟು ಕಾಲ ಗಂಡನನ್ನು ತಿಂದವಳೆಂದೇ ಇರಬೇಕಾಗುತ್ತದೆ.

ಬೆಳಿಗ್ಗೆ 11-20. ಪಕ್ಕದ ತೋಟದವರು ಯಾರಾದರೂ ಏನಾದರೂ ಕೇಳಿದ್ದಾರೆಯೇ ಎಂದು ವಿಚಾರಿಸಲು ಕೃಷ್ಣಪ್ಪ ಕೆರೆಯಾಚೆಯ ಕೊಡವರ ಮನೆಗೆ ಹೋದರು. ಎಂಬತ್ತರ ಬೊಳ್ಳಮ್ಮ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಮೈಮೇಲೆ ಬಿಳಿ ಸೀರೆ. ಸಾವಿನ ಮನೆಗೆ ಹೋಗುವಾಗ ಕೊಡವರು ಉಡುವುದು ಬಿಳಿಯೇ ಎಂದು ಕೃಷ್ಣಪ್ಪನವರಿಗೆ ಗೊತ್ತಿತ್ತು. ಆದರೆ ಆ ಸೀರೆ ರಾತ್ರಿಯೆಲ್ಲ ಉಟ್ಟು ಮಲಗಿದಂತೆ ಮುದುಡಿ ಹೋಗಿತ್ತು.

"ಮಂಜೇಶನ ವಿಷಯ ಯಾವಾಗ ಗೊತ್ತಾಯ್ತು ಅಮ್ಮ?"

"ಮಂಜೇಶ ಅಂತ ಈಗ ಗೊತ್ತಾಯಿತು. ಯಾರೋ ಸತ್ತರು ಅಂತ ನಿನ್ನೆ ಸಂಜೆಯೇ ಗೊತ್ತು. ಸೀರೆ ನಿನ್ನೆಯೇ ಉಟ್ಟದ್ದು."

ಕೃಷ್ಣಪ್ಪ ಕುರ್ಚಿ ಎಳೆದುಕೊಂಡು ಕೂತರು. ಮುದುಕಿ ನಿಧಾನವಾಗಿ ವಿವರಿಸಿದರು. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು ಎರಡು ಗುಂಡು. ಕೇಳಿದವರು ಮಾಡುವ ಕೆಲಸ ಬಿಟ್ಟು ಹೊರಡಬೇಕು. ಮಂಗಳವಾರ ಸಂಜೆ ಎರಡು ಗುಂಡು ಕೇಳಿತು. ಒಲೆ ಆರಿಸಿ, ಬಿಳಿ ಸೀರೆ ಉಟ್ಟು, ಯಾರ ಮನೆಯಲ್ಲಿ ಎಂದು ಮೂರು ಕಡೆ ಫೋನ್ ಮಾಡಿದರು. ಎಲ್ಲರೂ ನಮ್ಮಲ್ಲಿ ಯಾರೂ ಹೋಗಿಲ್ಲ ಎಂದರು. ಆದರೂ ಸುದ್ದಿ ಬರಬಹುದೆಂದು ಕಾದು ಕೂತವರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು.

"ಆನೆ ಓಡಿಸೋಕೆ ಹೊಡೆದಿರಬಹುದಲ್ಲ? ಇಲ್ಲಾ ಮಂಜೇಶ ತಟ್ಟೆಗೆ ಹೊಡೆದದ್ದು?"

"ತಟ್ಟೆಗೆ ಹೊಡೆಯೋದು ನನಗೆ ಗೊತ್ತಾಗುತ್ತದೆ. ಹತ್ತು, ಹದಿನೈದು ಬರುತ್ತದೆ. ನಿನ್ನೆ ಎರಡೇ. ಆಮೇಲೆ ಏನೂ ಇಲ್ಲ. ನನಗೆ ಕಣ್ಣು ಮಂಜು, ಕಿವಿ ಸರಿ ಉಂಟು."

ಕೃಷ್ಣಪ್ಪ ಅವರ ಫೋನ್ ತೆಗೆದು ನೋಡಿದರು. ಮೊದಲ ಕರೆ ಸಂಜೆ 5-47. ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಎರಡು ಸಲ ಗೆರೆ ಎಳೆದರು.

ಕೋವಿಯಲ್ಲಿ ಸಿಕ್ಕ ಖಾಲಿ ಕೊಳವೆ ಒಂದು. ಕೇಳಿದ ಗುಂಡು ಎರಡು. ತೇಜಸ್ವಿನಿ ಇದನ್ನು ಕೇಳಿ, ಶವವನ್ನು ಮಡಿಕೇರಿಗೆ ಕಳಿಸಿ, ಎಷ್ಟು ದೂರದಿಂದ ಹೊಡೆದದ್ದು ಎಂದು ವೈದ್ಯರನ್ನು ವಿಶೇಷವಾಗಿ ಕೇಳಬೇಕು ಎಂದರು. ಕರಿಬಸಪ್ಪನವರಿಗೆ ವಿಷಯ ತಿಳಿಸುವ ಕೆಲಸ ಕೃಷ್ಣಪ್ಪನವರ ಪಾಲಿಗೆ ಬಂತು. ಅಂಥ ಕೆಲಸಗಳು ಅವರ ಪಾಲಿಗೇ ಬರುತ್ತವೆ.

ಫೆಬ್ರವರಿ 13, ಗುರುವಾರ, ಮಧ್ಯಾಹ್ನ 12-15. ಮರಣೋತ್ತರ ವರದಿ ಬಂತು. ಗಾಯದ ಸುತ್ತ ಸುಟ್ಟ ಕಲೆಯಿಲ್ಲ, ಮಸಿಯಿಲ್ಲ. ತೋಟೆಯೊಳಗಿನ ಸೀಸದ ಚರೆಗಳು ಅಂಗೈಯಷ್ಟು ಅಗಲಕ್ಕೆ ಹರಡಿವೆ. ಸುಮಾರು ಹತ್ತು ಅಡಿ ದೂರದಿಂದ ಹೊಡೆದದ್ದು. ಹತ್ತು ಅಡಿ ದೂರದಲ್ಲಿ ನಿಂತು ಯಾರೂ ತಮಗೆ ತಾವೇ ಹೊಡೆದುಕೊಳ್ಳಲಾರರು. ಮಧ್ಯಾಹ್ನ 1 ಗಂಟೆಗೆ ಮೊಕದ್ದಮೆ ಸಂಖ್ಯೆ 14/2025, ಭಾರತೀಯ ನ್ಯಾಯ ಸಂಹಿತೆ ಕಲಂ 103ರ ಅಡಿ ಕೊಲೆ ಎಂದು ಎಫ್‌ಐಆರ್ ಆಯಿತು.

ಕೃಷ್ಣಪ್ಪ ಮೊದಲು ದಿವ್ಯಶ್ರೀಗೆ ಹೇಳಿದರು: ಗಂಡ ತಾನೇ ಹೊಡೆದುಕೊಂಡದ್ದಲ್ಲ. ಅವಳ ಮುಖ ಅದರಿಂದ ಸಡಿಲವಾಗಲಿಲ್ಲ. ಯಾರ ಕೈಯಾದರೂ ಇರಲಿ, ಮಾತು ನಂದೇ ಅಲ್ವಾ ಎಂದಳು. ವಿಮಲಮ್ಮ ಕೇಳಿಯೂ ಕೇಳದವರಂತೆ ಒಳಗೆ ಹೋದರು. ಯಾರು, ಯಾಕೆ ಎಂದು ಗೊತ್ತಾಗುವವರೆಗೆ ಆ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವಂತಿರಲಿಲ್ಲ.

ಎಸ್ಟೇಟ್ ಆಫೀಸಿನಲ್ಲಿ ಪ್ರವಾಸದ ಫೈಲು ಸಿಕ್ಕಿತು. ನಾಲ್ಕು ಬೆರಳು ದಪ್ಪ. ಮೇಲೆ ‘ಕಾಫಿ ಅಧ್ಯಯನ ಪ್ರವಾಸ’ ಎಂದು ಧರ್ಮೇಶನ ಕೈಬರಹ. ಒಳಗೆ ಎರಡು ವರ್ಷದ ಕೆಲಸವಿತ್ತು. ಬೇಟೆ ಲಾಡ್ಜಿನವರ ಜತೆ ನಡೆದ ಪತ್ರವ್ಯವಹಾರ, ವಿಮಾನ ಎಲ್ಲೆಲ್ಲಿ ಬದಲಾಯಿಸಬೇಕೆಂಬ ಪಟ್ಟಿ, ಅಲ್ಲಿನ ಮೇ ತಿಂಗಳ ಚಳಿಗೆ ಏನು ಉಡಬೇಕು, ಪಾರಿವಾಳಕ್ಕೆ ಎಂಟನೇ ನಂಬರಿನ ಚರೆಯೇ ಯಾಕೆ ಸರಿ, ಬೆಳಗಿನ ಹಾರಾಟ ಯಾವ ದಿಕ್ಕಿನಿಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ, ವೀಸಾದವರು ಮೂರು ಸಲ ವಾಪಸ್ ಕಳಿಸಿದ ಅರ್ಜಿಗಳು. ಪ್ರತಿ ಸಲವೂ ಕೆಂಪು ಶಾಯಿಯಲ್ಲಿ, ಇಂಥ ಕಾಲಂ ಖಾಲಿ ಬಿಡಲಾಗಿದೆ. ನಾಲ್ಕನೇ ಸಲಕ್ಕೆ ಒಂದೂ ಖಾಲಿಯಿಲ್ಲ. ಲಾಡ್ಜಿನವರು ಗುಂಪನ್ನು ಆಳು ಲೆಕ್ಕದಲ್ಲಿ ಹೇಳುವುದಿಲ್ಲ, ಕೋವಿ ಲೆಕ್ಕದಲ್ಲಿ. ಎಲ್ಲ ಕಡೆಯೂ ಮೂರು ಕೋವಿ ಎಂದಿತ್ತು. ಒಂದನೆಯದು ಮಂಜೇಶ್, ಎರಡನೆಯದು ಸೋಮವಾರಪೇಟೆಯ ಕಾಫಿ ವ್ಯಾಪಾರಿ ಅನಿಲ್‌ಕುಮಾರ್, ಮೂರನೆಯದು ಕುಶಾಲನಗರದ ರೆಸಾರ್ಟ್ ಮಾಲೀಕ ದೀಪಕ್. ದೀಪಕ್‌ನ ಅರ್ಜಿಯಲ್ಲಿ ಮಾತ್ರ ಮಂಗಳವಾರದ ತಾರೀಕಿತ್ತು, ಕೈಬರಹ ಧರ್ಮೇಶನದಲ್ಲ.

ಅದರ ಕೆಳಗೆ, ಪ್ಲಾಸ್ಟಿಕ್ ಹೊದಿಕೆಯಲ್ಲಿ, ಧರ್ಮೇಶನ ಸ್ವಂತ ಪಾಸ್‌ಪೋರ್ಟಿನ ಅರ್ಜಿಯ ನಕಲಿತ್ತು. 2023ರ ಆಗಸ್ಟಿನಲ್ಲಿ ಅದರ ಪೊಲೀಸ್ ಪರಿಶೀಲನೆಗೆ ಕ್ವಾರ್ಟರ್ಸಿಗೆ ಹೋದವರು ಕೃಷ್ಣಪ್ಪನವರೇ. ಆಳುಗಳ ಲೈನುಮನೆಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ಧರ್ಮೇಶ ಅವರಿಗೆ ಕುರ್ಚಿ ಹಾಕಿ, ಅಕ್ಕಪಕ್ಕದವರ ಸಹಿ ಹಾಕಿಸಿ, ಪ್ರತಿ ಕಾಲಂ ಬೆರಳಿಟ್ಟು ತೋರಿಸಿದ್ದ. ತುರ್ತು ಸಂದರ್ಭದಲ್ಲಿ ತಿಳಿಸಬೇಕಾದವರು: ಮಂಜೇಶ್. ಸಂಬಂಧ ಎನ್ನುವಲ್ಲಿ ‘ಮಾಲೀಕರು’ ಎಂದು ಬರೆದು, ಗೆರೆ ಹೊಡೆದು, ‘ಸ್ನೇಹಿತರು’ ಎಂದು ತಿದ್ದಿದ್ದ. ಫ್ಲೈಟಲ್ಲಿ ಕಿಟಕಿ ಪಕ್ಕ ಕೂತ್ಕೋ ಮಾರಾಯ ಎಂದು ಕೃಷ್ಣಪ್ಪ ಅಂದು ರೇಗಿಸಿದ್ದು ಈಗ ನೆನಪಾಯಿತು.

ಸಂಜೆ 4 ಗಂಟೆಗೆ ಅನಿಲ್‌ಕುಮಾರ್ ಮತ್ತು ದೀಪಕ್ ಠಾಣೆಗೆ ಬಂದರು. ಮಂಗಳವಾರ ಸಂಜೆ ಇಬ್ಬರೂ ಪೊನ್ನಂಪೇಟೆಯ ಮದುವೆಯೊಂದರಲ್ಲಿದ್ದರು, ನೂರಾರು ಜನ ಕಂಡಿದ್ದರು. ಮಂಜೇಶನ ಜೀಪಿನಲ್ಲಿ ಸಿಕ್ಕ ಮೂರು ಹೊಸ ಬೇಟೆ ಜಾಕೆಟ್‌ಗಳನ್ನು ತೇಜಸ್ವಿನಿ ಮೇಜಿನ ಮೇಲೆ ಹರಡಿದರು. ಹಸಿರು ಬಣ್ಣ, ಎದೆಯ ಮೇಲೆ ತೋಟೆ ಸಿಕ್ಕಿಸುವ ಜೇಬುಗಳು. ಹಾಕಿಕೊಂಡು ನೋಡಿ ಎಂದರು. ಮೊದಲನೆಯದು ಅನಿಲ್‌ಕುಮಾರನಿಗೆ ದೊಡ್ಡದಾಯಿತು, ಅದು ಮಂಜೇಶನದು. ಎರಡನೆಯದು ಸರಿಹೋಯಿತು. ಮೂರನೆಯದನ್ನು ದೀಪಕ್ ಹಾಕಿಕೊಂಡ. ತೋಳು ಒಂದು ಗೇಣು ಗಿಡ್ಡ, ಗುಂಡಿ ಹೊಟ್ಟೆಯ ಅರ್ಧಕ್ಕೂ ಬರಲಿಲ್ಲ.

"ಇದು ಯಾರ ಅಳತೆ?"

ದೀಪಕ್ ಅನಿಲ್‌ಕುಮಾರನ ಮುಖ ನೋಡಿದ. ಅನಿಲ್‌ಕುಮಾರ್ ನೆಲ ನೋಡುತ್ತ ಹೇಳಿದ.

"ಮೊದಲು ಧರ್ಮೇಶ್ ಬರೋದು ಅಂತ ಇತ್ತು ಮೇಡಂ. ನಾನೇ ಬೇಡ ಅಂದೆ."

"ಯಾಕೆ?"

"ಅಲ್ಲಿ ಮೂರು ಜನಕ್ಕೆ ಒಂದೇ ರೂಮು, ಒಂದೇ ಟೇಬಲ್. ರೈಟರ್ ಜತೆ ಅಂದ್ರೆ ಚೆನ್ನಾಗಿರಲ್ಲ ಅಂದೆ. ಮಂಜೇಶನೂ ಹೂಂ ಅಂದ. ಅವನಿಗೆ ನಾನೇ ಹೇಳ್ತೀನಿ ಅಂದಿದ್ದ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಕುರ್ಚಿಯಲ್ಲಿ ಕೂತು ಇಷ್ಟು ಸಲೀಸಾಗಿ ಹೇಳಿದ ಈ ಮನುಷ್ಯನ ಮೇಲೆ ಕೃಷ್ಣಪ್ಪನವರಿಗೆ ಬಂದ ಸಿಟ್ಟಿಗೆ ಕಾನೂನಿನಲ್ಲಿ ಯಾವ ಕಲಮೂ ಇರಲಿಲ್ಲ.

ಫೆಬ್ರವರಿ 14, ಶುಕ್ರವಾರ. ಬೆಳಿಗ್ಗೆ ಕುಶಾಲನಗರದ ಟೈಲರ್ ಜವರಪ್ಪನ ಅಳತೆ ಪುಸ್ತಕ ವಶಕ್ಕೆ ಬಂತು. ಮೂರನೆಯ ಜಾಕೆಟ್ಟಿನ ಮುಂದೆ ಧರ್ಮೇಶ್ ಎಂದೇ ಇತ್ತು. ಮಂಗಳವಾರ ಮಧ್ಯಾಹ್ನ ಮಂಜೇಶ್ ಮೂರನ್ನೂ ಒಯ್ದಿದ್ದ. ಗೌರಿಬೆಟ್ಟದಲ್ಲಿ ಕಾಫಿ ಕುಯ್ಯುವ ಮುತ್ತಿಯನ್ನು ಕುಸುಮಾ ಮಾತಾಡಿಸಿದಳು. ತಟ್ಟೆ ಎಸೆಯುವವರು ಯಾರು ಎಂದು ಕೇಳಿದ್ದಕ್ಕೆ, ಯಾವಾಗಲೂ ರೈಟರಣ್ಣನೇ, ಬೇರೆಯವರ ಕೈಲಿ ಆಗಲ್ಲ ಎಂದಳು. ಮಂಗಳವಾರ ತೂಕ ಹಾಕಿದ್ದು ಮಾತ್ರ ಮೇಸ್ತ್ರಿ. ಹನ್ನೊಂದು ವರ್ಷದಲ್ಲಿ ರೈಟರಣ್ಣ ತೂಕದ ನಡುವೆ ಎದ್ದು ಹೋದದ್ದು ಅದೇ ಮೊದಲು. ಐದೂಕಾಲು ಗಂಟೆ ಇರಬಹುದು, ಕೆರೆ ಕಡೆ ಹೋದ. ದೂರಿನಲ್ಲಿ ಬರೆದದ್ದು ಬೇರೆ.

ಇನ್ನು ತೋಟೆ. ದೇಹದಲ್ಲಿ ಸಿಕ್ಕ ಚರೆ ಎಂಟನೇ ನಂಬರಿನದು, ಮಂಜೇಶನ ಹಳದಿ ಡಬ್ಬಿಯದು. ಆ ಡಬ್ಬಿ ಬೀಗ ಹಾಕಿದ ಜೀಪಿನಲ್ಲೇ ಇತ್ತು, ಕೀಲಿ ಅವನ ಜೇಬಿನಲ್ಲಿ. ಎಡ ನಳಿಗೆಯಲ್ಲಿದ್ದ ಕೆಂಪು ತೋಟೆ ನಾಲ್ಕನೇ ನಂಬರು, ಹಂದಿ ಓಡಿಸಲೆಂದು ಆಫೀಸಿನ ಬೀರುವಿನಲ್ಲಿ ಇಡುವಂಥದ್ದು. ಬೀರುವಿನ ಕೀಲಿ ರೈಟರನ ಸೊಂಟದಲ್ಲಿರುತ್ತದೆ.

ಮಧ್ಯಾಹ್ನ 2-30ಕ್ಕೆ ಧರ್ಮೇಶನನ್ನು ಠಾಣೆಗೆ ಕರೆಸಲಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ತೇಜಸ್ವಿನಿ ಬೇರೇನೂ ಕೇಳದೆ ಜಾಕೆಟ್ಟನ್ನು ಅವನ ಮುಂದಕ್ಕೆ ಸರಿಸಿದರು.

"ಹಾಕ್ಕೊಳ್ಳಿ."

ಅವನು ಎದ್ದು ನಿಂತು ಹಾಕಿಕೊಂಡ. ಕೆಳಗಿನಿಂದ ಮೇಲಿನವರೆಗೆ ಎಲ್ಲ ಗುಂಡಿಗಳನ್ನೂ ಹಾಕಿದ. ಎಲ್ಲೂ ಒಂದು ಸುಕ್ಕಿಲ್ಲ. ಜೇಬಿನ ಮುಚ್ಚಳವೊಂದು ಮಡಚಿಕೊಂಡಿತ್ತು, ಅದನ್ನೂ ಬೆರಳಿಂದ ಸರಿಮಾಡಿದ.

"ಮಂಗಳವಾರ ಇದನ್ನ ನೋಡಿದ್ರಾ?"

"ನೋಡಿದೆ ಮೇಡಂ. ನಾಲ್ಕೂವರೆಗೆ ಜೀಪಲ್ಲಿ ತಂದ್ರು. ನಾನು ಕೈ ಚಾಚಿದೆ."

"ಏನಂದ್ರು?"

"ಇದು ದೀಪಕಂಗೆ, ನಿನ್ನ ಅಳತೇನೂ ಅವನ ಅಳತೇನೂ ಹೆಚ್ಚುಕಮ್ಮಿ ಒಂದೇ ಅಲ್ವಾ ಅಂದ್ರು. ಟಿಕೆಟಲ್ಲಿ ಹೆಸರು ಬದಲಾಯಿಸ್ಬೇಕು, ಇವತ್ತೇ ಮೇಲ್ ಮಾಡು ಅಂದ್ರು."

ಕುಸುಮಾ ನೀರು ಕೊಟ್ಟಳು, ಕುಡಿಯಲಿಲ್ಲ. ಉಳಿದದ್ದನ್ನು ಬಿಡಿಬಿಡಿಯಾಗಿ ಹೇಳಿದ. ತೂಕ ಹಾಕಲು ಕೂತರೂ ತಕ್ಕಡಿಯ ಮುಳ್ಳು ಕಾಣಲಿಲ್ಲ. ಇನ್ನೊಂದು ಸಲ ಕೇಳೋಣವೆಂದು ಕೆರೆಗೆ ಹೋದ. ತಟ್ಟೆ ಎಸೆಯಲು ಬಂದ ಎಂದುಕೊಂಡು ಮಂಜೇಶ್, ಬೇಲಿ ದಾಟುತ್ತೇನೆ ಹಿಡಿದುಕೋ ಎಂದು ಕೋವಿ ಕೊಟ್ಟ. ದಾಟಿ ಹೋಗಿ ತಿರುಗಿ ನಿಂತ. ಧರ್ಮೇಶ್ ತನ್ನನ್ನು ಬಿಟ್ಟು ಹೋಗಬೇಡಿ ಎಂದು ಕೇಳಿದ. ಮಂಜೇಶ್, ನೀನು ಅಲ್ಲಿ ಬಂದು ಏನು ಮಾಡ್ತೀಯ, ಅಲ್ಲಿ ತಟ್ಟೆ ಎಸೆಯೋದಿಲ್ಲ ಎಂದ.

"ಮೊದಲನೇದು ಆಕಾಶಕ್ಕೆ ಹೊಡೆದೆ. ನಂಗೂ ಬರುತ್ತೆ ಅಂತ ತೋರಿಸೋಕೆ."

"ಆಮೇಲೆ?"

"ಅವರು ನಕ್ಕರು."

ಬಲ ನಳಿಗೆಯ ಗುಂಡು ನೇರ ಎದೆಗೆ ಹೋಗಿತ್ತು. ಒಂದೇ ಗುಂಡು ಹಾರಿದರೆ ಆಕಸ್ಮಿಕವೆನ್ನುತ್ತಾರೆ, ಎರಡಾದರೆ ಯಾರೂ ನಂಬುವುದಿಲ್ಲ ಎಂದು ಅವನು ಎಡ ನಳಿಗೆಯ ಖಾಲಿ ಕೊಳವೆ ತೆಗೆದಿಟ್ಟುಕೊಂಡ. ಲೈನಿನಲ್ಲಿ ಬೆಳೆದವನಿಗೆ ಎಸ್ಟೇಟಿನಲ್ಲಿ ಗುಂಡಿನ ಸದ್ದೆಂದರೆ ಆನೆಗೆ, ಮಂಗನಿಗೆ, ಹಂದಿಗೆ. ಎಷ್ಟು ಎಂದು ಯಾರೂ ಎಣಿಸುವುದಿಲ್ಲ. ಕೆರೆಯಾಚೆ ಒಬ್ಬ ಮುದುಕಿ ಎಣಿಸಿ ಒಲೆ ಆರಿಸುತ್ತಾಳೆಂದು ಅವನಿಗೆ ಹೊಳೆಯಲೇ ಇಲ್ಲ.

ಕೃಷ್ಣಪ್ಪನವರಿಗೆ ತಡೆಯಲಾಗಲಿಲ್ಲ. "ತೆಗೆದವನು ಖಾಲಿ ಬಿಟ್ಟಿದ್ರೆ ಸಾಕಾಗಿತ್ತಲ್ಲೋ. ಆಫೀಸಿಗೆ ಹೋಗಿ ಬೇರೆ ತೋಟೆ ತಂದು ಯಾಕೆ ತುಂಬಿದೆ?"

ಧರ್ಮೇಶ್ ಅವರನ್ನು ನೋಡಿದ. ಇಷ್ಟು ವರ್ಷ ಕಾಗದಪತ್ರ ನೋಡಿದವರಿಗೆ ಇದೂ ಗೊತ್ತಿಲ್ಲವೇ ಎಂಬಂತಿತ್ತು ಆ ನೋಟ.

"ಖಾಲಿ ಇದ್ರೆ ವಾಪಸ್ ಬರುತ್ತಲ್ಲ ಸಾರ್. ಅವರು ಯಾವಾಗ್ಲೂ ಎರಡೂ ತುಂಬೋರು. ಹಳದೀದೇ ಹಾಕ್ಬೇಕಿತ್ತು, ಜೀಪಿನ ಕೀಲಿ ಅವರ ಜೇಬಲ್ಲಿತ್ತು. ಸತ್ತೋರ ಜೇಬಿಗೆ ಕೈ ಹಾಕೋಕೆ ಮನಸ್ಸಾಗ್ಲಿಲ್ಲ."

ಸಂಜೆ 4-20ಕ್ಕೆ ಅವನನ್ನು ಗೌರಿಬೆಟ್ಟಕ್ಕೆ ಕರೆದುಕೊಂಡು ಹೋದರು. ಪಂಚರ ಎದುರು ಅವನೇ ಮೇಜಿನ ಡ್ರಾಯರ್ ತೆಗೆದು ತೋರಿಸಿದ. ವೀಸಾಕ್ಕೆಂದು ತೆಗೆಸಿದ ಅವನ ಫೋಟೋಗಳ ಕವರಿನೊಳಗೆ ಎರಡನೆಯ ಹಳದಿ ಕೊಳವೆ ಇತ್ತು. ಪಕ್ಕದಲ್ಲಿ ಪಾಸ್‌ಪೋರ್ಟ್, ಒಂದು ಪುಟಕ್ಕೂ ಮುದ್ರೆ ಬಿದ್ದಿರಲಿಲ್ಲ. ಎರಡನ್ನೂ ವಶಕ್ಕೆ ಪಡೆದು ಸೀಲು ಹಾಕಿದರು.

ಹೊರಗೆ ಬರುವಾಗ ಕರಿಬಸಪ್ಪ ಕೋಲೂರಿಕೊಂಡು ಜೀಪಿನ ಹತ್ತಿರ ನಿಂತಿದ್ದರು. ಅಷ್ಟರಲ್ಲಿ ಎಲ್ಲ ಅವರ ಕಿವಿಗೆ ಬಿದ್ದಿತ್ತು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕೃಷ್ಣಪ್ಪ ನಡುವೆ ಬಂದರು. ಮುದುಕರು ಕೋಲು ಎತ್ತಲಿಲ್ಲ.

"ಕಾಫಿ ನೋಡಕ್ಕೆ ಅಂತಲೇ ಅಂದ್ಕೊಂಡಿದ್ದೆ ಕಣೋ," ಎಂದರು. "ಮೊದಲು ಧರ್ಮೇಶನ್ನ ಕರ್ಕೊಂಡು ಹೋಗು, ಅವನಿಗೇ ತಿಳಿಯೋದು ಅಂತ ನಾನೇ ಮಂಜೇಶಂಗೆ ಹೇಳಿದ್ದೆ."

ಧರ್ಮೇಶ್ ಆವರೆಗೆ ಅತ್ತಿರಲಿಲ್ಲ. ಜೀಪಿನ ಕಬ್ಬಿಣದ ಪಟ್ಟಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತ.

ಜಗಲಿಯ ಮೇಲೆ ದಿವ್ಯಶ್ರೀ ಇನ್ನೂ ಅದೇ ಮೂಲೆಯಲ್ಲಿದ್ದಳು. ಕೃಷ್ಣಪ್ಪ ಮೆಟ್ಟಿಲವರೆಗೆ ಹೋಗಿ, ಯಾರು, ಯಾಕೆ ಎಂದು ಹೇಳಿ, ನಿಮ್ಮ ಮಾತಿಂದ ಅಲ್ಲಮ್ಮ, ಬೇರೆಯವರು ಆಡಿದ ಮಾತಿಂದ ಎಂದರು. ಒಳಬಾಗಿಲಲ್ಲಿ ನಿಂತಿದ್ದ ವಿಮಲಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಸೊಸೆಯ ಕಡೆ ತಿರುಗದೆಯೇ, "ಒಂದು ಲೋಟ ನೀರು ಕೊಡವ್ವ," ಎಂದರು. ದಿವ್ಯಶ್ರೀ ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ಸಂಜೆ 6-10, ಠಾಣೆ. ಬಂಧನದ ಮೆಮೋ ಬರೆಯುವ ಕೆಲಸ ಕೃಷ್ಣಪ್ಪನವರದೇ. ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ, ಮೈಮೇಲಿನ ಗುರುತು. ಧರ್ಮೇಶ್ ಮೇಜಿನ ಆಚೆ ನಿಂತು, ಅಭ್ಯಾಸಬಲದಿಂದ, ಪ್ರತಿ ಸಾಲನ್ನೂ ತಲೆಕೆಳಗಾಗಿಯೇ ಓದುತ್ತಿದ್ದ. ಪಿನ್‌ಕೋಡ್ ಬಿಟ್ಟುಹೋಗಿತ್ತು, ಹೇಳಿ ಬರೆಸಿದ. ತಾರೀಕಿನ ಪಕ್ಕ ವೇಳೆ ಹಾಕಿಸಿದ. ಕೊನೆಗೆ ಪೆನ್ನು ಒಂದು ಕಡೆ ನಿಂತಿತು. ಬಂಧನದ ವಿಷಯ ತಿಳಿಸಬೇಕಾದ ಸಂಬಂಧಿ ಅಥವಾ ಸ್ನೇಹಿತರ ಹೆಸರು.

"ಯಾರಿಗೆ ಹೇಳ್ಲಿ ಧರ್ಮೇಶ?"

ಅವನು ಆ ಸಾಲನ್ನು ನೋಡುತ್ತ ನಿಂತ. ಹೊರಗೆ ಪಿಕಿಂಗ್ ಮುಗಿಸಿದ ಹೆಂಗಸರನ್ನು ತುಂಬಿಕೊಂಡ ಪಿಕಪ್ ಒಂದು ಸದ್ದು ಮಾಡುತ್ತ ಹಾದುಹೋಯಿತು.

"ಅದೊಂದು ಖಾಲಿ ಇರ್ಲಿ ಸಾರ್," ಎಂದ.